ಬೈಕಿಗೂ ಬಸಿಗಾಲುವೆ ಬಿಡಿಸ್ಬೇಕು: ಮಲೆನಾಡಿನ ಮಳೆಗೆ ಗಾಡಿ ರೆಡಿ ಮಾಡೋ ಕ್ರಮ

ತೋಟ ಇರೋರಿಗೆ ಇದನ್ನ ಬಿಡಿಸಿ ಹೇಳೋದು ಬೇಡ. ಮಳೆಗಾಲ ಹಿಡಿಯೋಕೆ ಮುಂಚೆ ಎಲ್ರೂ ಬಸಿಗಾಲುವೆ ಬಿಡಿಸ್ತೀವಿ, ಕಾಲುವೇಲಿ ತುಂಬಿರೋ ದರಗು, ಮಣ್ಣು ಎಲ್ಲ ಎತ್ತಿ ಹಾಕ್ತೀವಿ, ಯಾಕಂದ್ರೆ ಎಷ್ಟೇ ಮಳೆ ಬರ್ಲಿ ಹರ್ಕೊಂಡು ಹೋದ್ರೆ ಮರಕ್ಕೆ ಏನಾಗಲ್ಲ, ಬುಡದಲ್ಲಿ ನಿಂತ್ರೆ ಬೇರು ಕೊಳೆಯತ್ತೆ. ಬೈಕ್ ವಿಷಯ ಬಂದಾಗ ಮಾತ್ರ ಉಲ್ಟಾ ಮಾಡ್ತೀವಿ, ನೀರು ಒಳಗೆ ಹೋಗ್ಬಾರ್ದು ಅಂತ ಟಾರ್ಪಾಲ್ ಹೊದಿಸ್ತೀವಿ, ಟೇಪ್ ಸುತ್ತೀವಿ, ಸಿಲಿಕಾನ್ ಮೆತ್ತೀವಿ. ಆಗುಂಬೇಲಿ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ ಬೀಳತ್ತೆ ಮಾರಾಯ್ರೇ, ಮಾಸ್ತಿಕಟ್ಟೆ, ಹುಲಿಕಲ್ ಕಡೆನೂ ಮಳೆ ಅಂದ್ರೆ ಮಳೆನೇ, ಇಲ್ಲಿ ನೀರು ಒಳಗೆ ಬಂದೇ ಬರತ್ತೆ. ಗಾಡಿ ಮಾಡಿದವ್ರಿಗೂ ಅದು ಗೊತ್ತು, ಅದಕ್ಕೇ ಅಲ್ಲಲ್ಲಿ ನೀರು ಇಳಿದುಹೋಗೋಕೆ ಸಣ್ಣ ಸಣ್ಣ ತೂತು, ಪೈಪು ಬಿಟ್ಟಿರ್ತಾರೆ. ಆ ತೂತು ಕಟ್ಕೊಂಡಾಗ್ಲೇ ತೊಂದ್ರೆ ಶುರು.

ನಂಗೆ ಇದು ಅರ್ಥ ಆಗೋಕೆ ಒಂದು ಪೂರ್ತಿ ಮಳೆಗಾಲ ಬೇಕಾಯ್ತು. ಕೆಲವು ವರ್ಷದ ಹಿಂದೆ ಆರಿದ್ರಾ ಮಳೆ ಟೈಮಲ್ಲಿ ಹೊಸನಗರ ದಾಟಿ ನಗರದ ಕಡೆ ಹೋಗ್ತಾ ಇದ್ದೆ, ಗಾಡಿ ಇದ್ದಕ್ಕಿದ್ದಂಗೆ ಕೆಮ್ಮೋಕೆ ಶುರು ಮಾಡ್ತು, ಆಕ್ಸಿಲರೇಟರ್ ಕೊಟ್ರೆ ಎಳೆಯಲ್ಲ, ಬಿಟ್ರೆ ಆಫ್. ಒಂದು ಗ್ಯಾರೇಜಲ್ಲಿ ಪ್ಲಗ್ ಚೇಂಜ್ ಮಾಡಿದ್ರು, ಇನ್ನೊಂದ್ರಲ್ಲಿ ಕಾಯಿಲ್ ಹಾಕಿದ್ರು, ಕಾರ್ಬರೇಟರ್ ಎರಡು ಸಲ ಬಿಚ್ಚಿದ್ರು, ನಾಲ್ಕು ದಿನ ಸರಿ ಇರೋದು, ಮತ್ತೆ ಒಂದು ರಾತ್ರಿ ಮಳೇಲಿ ನಿಂತ್ರೆ ಅದೇ ಕತೆ. ಕೊನೆಗೆ ಸಾಗರದ ಗೆಳೆಯ ಒಬ್ಬ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು, ಬಾಯಿಗೆ ಬಟ್ಟೆ ಒತ್ತಿ, ಮುಚ್ಚಳದ ಸುತ್ತ ಇರೋ ಗುಂಡಿಗೆ ಒಂದು ಚಮಚ ನೀರು ಬಿಟ್ಟ. ನೀರು ಅಲ್ಲೇ ನಿಂತಿತ್ತು. ಕೆಳಗೆ ಇಳೀಬೇಕಾಗಿದ್ದ ತೂತು ಅಡಿಕೆ ಸಿಪ್ಪೆ ಧೂಳು, ಮಣ್ಣು ಸೇರಿ ಗಟ್ಟಿಯಾಗಿ ಕಟ್ಕೊಂಡಿತ್ತು, ಹಂಗಾಗಿ ರಾತ್ರಿಯೆಲ್ಲ ಬಿದ್ದ ಮಳೆ ಆ ಗುಂಡೀಲಿ ತುಂಬಿ ಮುಚ್ಚಳದ ಸಂದೀಲಿ ಟ್ಯಾಂಕಿಗೇ ಇಳೀತಿತ್ತು. ಟ್ಯಾಂಕ್ ತಳದಿಂದ ಬಾಟ್ಲಿಗೆ ಬಸಿದು ನೋಡಿದ್ರೆ ಕೆಳಗೆ ಎರಡು ಬೆರಳು ನೀರು. ಸೈಕಲ್ ಕಡ್ಡಿ ಒಂದು ಸಾಕಾಗಿತ್ತು ಅದನ್ನ ಬಿಡಿಸೋಕೆ.

ಅದಕ್ಕೇ ಈ ಕೆಲ್ಸಾನ ನಾನೀಗ ಪ್ರತಿ ವರ್ಷ ಜೂನ್ ಮೊದ್ಲ ವಾರ, ಮೃಗಶಿರ ಹಿಡಿಯೋಷ್ಟರಲ್ಲಿ ಮುಗಿಸ್ತೀನಿ. ಭಾನುವಾರ ಬೆಳಗ್ಗೆ ಕೂತ್ರೆ ಮಧ್ಯಾಹ್ನದ ಊಟಕ್ಕೆ ಮುಗಿಯತ್ತೆ. ಬೇಕಾಗಿರೋದು ಗಾಡಿ ಜೊತೆ ಬಂದ ಟೂಲ್ ಕಿಟ್, ಪ್ಲಗ್ ಸ್ಪ್ಯಾನರ್, ಹಳೇ ಟೂತ್ ಬ್ರಷ್ ಎರಡು, ಸೀಮೆಎಣ್ಣೆ ಇಲ್ಲಾಂದ್ರೆ ಡೀಸೆಲ್ ಅರ್ಧ ಲೀಟರ್, 90 ನಂಬರ್ ಗೇರ್ ಆಯಿಲ್, ಒಂದು ಡಬ್ಬಿ ವ್ಯಾಸಲೀನ್, ಸೈಕಲ್ ಕಡ್ಡಿ. ಮೊಣಕಾಲಿಗೆ ಅಡಿಕೆ ಹಾಳೆ ಹಾಕ್ಕೊಳ್ಳಿ, ಇನ್ನೊಂದು ಹಾಳೆ ಇಂಜಿನ್ ಕೆಳಗೆ ಇಟ್ರೆ ಬಿದ್ದ ನಟ್ಟು ಹುಡುಕೋದು ತಪ್ಪತ್ತೆ. ಮಲ್ಟಿಮೀಟರ್ ಒಂದು ತಗೊಂಡು ಇಟ್ಕೊಳ್ಳಿ, ತುಂಬಾ ದುಡ್ಡೇನಿಲ್ಲ, ಅದು ಉಳಿಸೋ ದುಡ್ಡು ಜಾಸ್ತಿ.

ಮೊದ್ಲು ತೂತುಗಳು

ಮೇಲಿಂದ ಶುರು ಮಾಡಿ, ನೀರು ಬೀಳೋ ದಾರೀಲೇ ಕೆಳಗೆ ಬನ್ನಿ.

ಟ್ಯಾಂಕ್ ಮುಚ್ಚಳದ್ದು ಹೇಳಿದ್ನಲ್ಲ. ಮುಚ್ಚಳ ತೆಗೆದು ಬಾಯಿಗೆ ಬಟ್ಟೆ ಒತ್ತಿ, ಸುತ್ತಲಿನ ಗುಂಡೀಲಿ ತೂತು ಎಲ್ಲಿದೆ ಹುಡುಕಿ, ಕೆಲವು ಗಾಡೀಲಿ ಒಂದು, ಕೆಲವದ್ರಲ್ಲಿ ಎರಡು ಇರತ್ತೆ. ಅದು ಟ್ಯಾಂಕಿನ ಒಳಗಡೆನೇ ಒಂದು ಸಪೂರ ಪೈಪಲ್ಲಿ ಇಳಿದು ಕೆಳಗೆ ಹೊರಗೆ ಬರತ್ತೆ. ಕಡ್ಡೀನ ಮೆಲ್ಲಗೆ ಬಿಡಿ, ಜೋರಾಗಿ ಚುಚ್ಚೋಕೆ ಹೋಗ್ಬೇಡಿ, ಪೈಪ್ ಒಳಗೆ ತುಕ್ಕು ಹಿಡಿದಿದ್ರೆ ತೂತಾಗ್ಬಿಡತ್ತೆ. ಆಮೇಲೆ ಸೈಕಲ್ ಪಂಪಲ್ಲಿ ಗಾಳಿ ಹೊಡೆದು, ಒಂದು ಚಮಚ ನೀರು ಬಿಟ್ಟು, ಅದು ಕೆಳಗೆ ಎಲ್ಲಿ ಬೀಳತ್ತೆ ಅಂತ ಕಣ್ಣಾರೆ ನೋಡಿ. ಇಂಜಿನ್ ಬಿಸಿ ಇರುವಾಗಾಗ್ಲಿ, ಬಚ್ಚಲೊಲೆ ಹತ್ರ ಕೂತ್ಕೊಂಡಾಗ್ಲಿ ಇದನ್ನ ಮಾಡ್ಬೇಡಿ, ಟ್ಯಾಂಕ್ ಬಾಯಿ ತೆಗೆದಿರತ್ತೆ.

ಅದೇ ಮುಚ್ಚಳದಲ್ಲಿ ಇನ್ನೊಂದು ತೂತಿದೆ, ಅದು ಗಾಳಿದು. ಪೆಟ್ರೋಲ್ ಕಮ್ಮಿ ಆದಂಗೆ ಟ್ಯಾಂಕಿಗೆ ಗಾಳಿ ಒಳಗೆ ಬರ್ಬೇಕು, ಬರ್ಲಿಲ್ಲ ಅಂದ್ರೆ ಪೆಟ್ರೋಲ್ ಇಳಿಯೋದು ನಿಲ್ಲತ್ತೆ. ಕಣಜದ ಹುಳ ಮಣ್ಣು ಮೆತ್ತಿ ಗೂಡು ಕಟ್ಟೋದಕ್ಕೆ ಇಂಥ ತೂತನ್ನೇ ಹುಡುಕ್ತಾ ಇರತ್ತೆ, ಒಂದು ತಿಂಗಳು ಊರಲ್ಲಿ ಇರದೇ ಗಾಡಿ ನಿಲ್ಸಿ ಹೋದೋರಿಗೆ ಇದು ಗ್ಯಾರಂಟಿ ಕಾಯ್ತಾ ಇರತ್ತೆ. ಬಿಎಸ್6 (ಹೊಸ ಹೊಗೆ ನಿಯಮದ) ಗಾಡೀಲಿ ಟ್ಯಾಂಕಿನ ಆವಿ ಒಂದು ಇದ್ದಿಲ ಡಬ್ಬಿಗೆ ಹೋಗತ್ತೆ, ಆ ಪೈಪ್ ಮಡಚಿಕೊಂಡಿಲ್ವಾ ಅಂತ ನೋಡಿದ್ರೆ ಸಾಕು.

ಆಮೇಲೆ ಸೀಟ್ ತೆಗೀರಿ. ಏರ್ ಫಿಲ್ಟರ್ ಡಬ್ಬಿ ತಳದಲ್ಲಿ ಒಂದು ರಬ್ಬರ್ ಪೈಪ್ ನೇತಾಡ್ತಾ ಇರತ್ತೆ, ತುದಿಗೆ ಬೂಚು ಇರತ್ತೆ. ಬೂಚು ತೆಗೆದ್ರೆ ಕಪ್ಪು ನೀರು, ಎಣ್ಣೆ ಬಂದ್ರೆ ಹೆದರ್ಬೇಡಿ, ಅದನ್ನ ಹಿಡಿಯೋಕೇ ಇರೋದು ಅದು. ಮಳೆಗಾಲದಲ್ಲಿ ಹದಿನೈದು ದಿನಕ್ಕೊಂದ್ಸಲ ಬಸೀರಿ. ಡಬ್ಬಿ ಒಳಗೆ ಇಲಿ ಗೂಡು ಇಲ್ಲ ಅಂತನೂ ನೋಡ್ಕೊಳ್ಳಿ, ಕೊಟ್ಟಿಗೇಲಿ ಗಾಡಿ ನಿಲ್ಲಿಸೋ ಮನೆಗಳಲ್ಲಿ ಫಿಲ್ಟರ್ ಡಬ್ಬಿಯಿಂದ ಒಂದು ಸೇರು ಬತ್ತದ ಹೊಟ್ಟು ತೆಗೆದಿದ್ದನ್ನ ನಾನೇ ನೋಡಿದೀನಿ. ಫಿಲ್ಟರ್ ಪೇಪರಿಂದಾದ್ರೆ ಒದ್ದೆಯಾಗಿ ಮುದುಡಿದ್ಮೇಲೆ ಅದಕ್ಕೆ ಜೀವ ಇಲ್ಲ, ಹೊಸದು ಹಾಕಿ. ಸ್ಪಂಜಿಂದಾದ್ರೆ ಸೀಮೆಎಣ್ಣೇಲಿ ತೊಳೆದು, ಹಿಂಡದೆ ಅಂಗೈಲಿ ಒತ್ತಿ ತೆಗೆದು, ಒಣಗಿದ ಮೇಲೆ ಸ್ವಲ್ಪ ಇಂಜಿನ್ ಆಯಿಲ್ ಸವರಿ ಮತ್ತೆ ಒತ್ತಿ ಹಾಕಿ.

ಇನ್ನೊಂದು ತೂತು ಯಾರ ಕಣ್ಣಿಗೂ ಬೀಳಲ್ಲ. ಪ್ಲಗ್ ಕೂತಿರೋ ಗುಂಡಿ. ಕೆಲವು ಇಂಜಿನ್ನಲ್ಲಿ ಪ್ಲಗ್ ಆಳದಲ್ಲಿರತ್ತೆ, ಮುಂದಿನ ಗಾಲಿ ಎರಚಿದ ಕೆಂಪು ನೀರು ಅಲ್ಲಿ ನಿಲ್ಲಬಾರ್ದು ಅಂತ ಹೆಡ್ಡಿನ ಪಕ್ಕಕ್ಕೆ ಒಂದು ತೂತು ಕೊಟ್ಟಿರ್ತಾರೆ. ಅದು ಕೆಸರಲ್ಲಿ ಮುಚ್ಚಿದ್ರೆ ಪ್ಲಗ್ ಬುಡ ಬಾವಿ ಆಗತ್ತೆ. ಪ್ಲಗ್ ಬಿಚ್ಚೋಕೆ ಮುಂಚೆನೇ ಇದನ್ನ ಬಿಡಿಸಿ, ಗಾಳಿ ಹೊಡೆದು ಗುಂಡಿ ಕ್ಲೀನ್ ಮಾಡಿ, ಇಲ್ಲಾಂದ್ರೆ ಪ್ಲಗ್ ತೆಗೆದ ಕೂಡ್ಲೇ ಆ ಮಣ್ಣು ಸೀದಾ ಸಿಲಿಂಡರ್ ಒಳಗೆ ಬೀಳತ್ತೆ.

ಕೊನೇದು ಸೈಲೆನ್ಸರ್. ತಳದಲ್ಲಿ ಸಣ್ಣ ತೂತಿರತ್ತೆ, ಅದು ತುಕ್ಕು ತಿಂದು ಆಗಿದ್ದು ಅಂತ ತಿಳ್ಕೊಂಡು ವೆಲ್ಡಿಂಗ್ ಮಾಡ್ಸಿ ಮುಚ್ಚಿಸಿದೋರೂ ಇದಾರೆ. ಪೆಟ್ರೋಲ್ ಉರಿದಾಗ ಹೊಗೆ ಜೊತೆ ನೀರಿನ ಆವಿನೂ ಬರತ್ತೆ, ಅದು ತಣ್ಣಗಿರೋ ಸೈಲೆನ್ಸರಲ್ಲಿ ನೀರಾಗಿ ನಿಲ್ಲತ್ತೆ, ಹೊರಗೆ ಹೋಗೋಕೆ ಆ ತೂತು. ದಿನಾ ಮನೆಯಿಂದ ಡೈರಿಗೆ, ಡೈರಿಯಿಂದ ಮನೆಗೆ ಅಂತ ಒಂದು ಕಿಲೋಮೀಟರ್ ಮಾತ್ರ ಓಡೋ ಗಾಡಿ ಸೈಲೆನ್ಸರ್ ಬೇಗ ತೂತಾಗೋದು ಇದಕ್ಕೇ, ಯಾವತ್ತೂ ಪೂರ್ತಿ ಬಿಸಿನೇ ಆಗಲ್ಲ. ವಾರಕ್ಕೊಂದ್ಸಲ ಅರ್ಧ ಗಂಟೆ ಓಡಿಸ್ಕೊಂಡು ಬನ್ನಿ.

ಪ್ಲಗ್, ವಯರ್, ಬ್ಯಾಟರಿ

ಮಳೇಲಿ ನಿಂತ ಗಾಡಿಗಳಲ್ಲಿ ನಾನು ನೋಡಿದ ಮಟ್ಟಿಗೆ ಜಾಸ್ತಿ ಪಾಲು ಪ್ಲಗ್ ಕ್ಯಾಪಿಂದೇ. ಕ್ಯಾಪ್ ರಬ್ಬರ್ ಬಿರುಕು ಬಿಟ್ಟಿದ್ರೆ ನೀರು ಒಳಗೆ ಹೋಗಿ ಕರೆಂಟು ಪ್ಲಗ್ ತುದಿಗೆ ಹೋಗದೆ ಅಡ್ಡದಾರೀಲಿ ಇಂಜಿನ್ನಿಗೆ ಇಳಿಯತ್ತೆ. ಅದನ್ನ ಕಂಡುಹಿಡಿಯೋಕೆ ಸುಲಭದ ಉಪಾಯ ಇದೆ, ರಾತ್ರಿ ಲೈಟ್ ಎಲ್ಲ ಆರ್ಸಿ ಗಾಡಿ ಸ್ಟಾರ್ಟ್ ಮಾಡಿ ಕ್ಯಾಪ್, ವಯರ್ ಮೇಲೆ ಸ್ವಲ್ಪ ನೀರು ಚಿಮುಕಿಸಿ ದೂರದಿಂದ ನೋಡಿ, ನೀಲಿ ಕಿಡಿ ಹರಿದಾಡೋದು ಕಂಡ್ರೆ ಕ್ಯಾಪ್ ಬದಲಾಯ್ಸಿ. ಕೈ ಹಾಕ್ಬೇಡಿ, ಹೊಡೆತ ಜೋರಾಗಿರತ್ತೆ. ಹೊಸ ಕ್ಯಾಪ್ ಹಾಕುವಾಗ ರಬ್ಬರ್ ಒಳಬಾಯಿಗೆ ಮಾತ್ರ ಸಿಲಿಕಾನ್ ಗ್ರೀಸ್ ತೆಳ್ಳಗೆ ಸವರಿ, ವಯರ್ ತುದಿ ಹಳಸಿ ಹಸಿರಾಗಿದ್ರೆ ಅರ್ಧ ಇಂಚು ಕತ್ತರಿಸಿ ಹೊಸ ಭಾಗಕ್ಕೆ ತಿರುಗಿಸಿ ಕೂರ್ಸಿ.

ಮೈಸೂರಲ್ಲಿ ತಯಾರಾಗ್ತಿದ್ದ ಹಳೇ ಜಾವಾ, ಯೆಜ್ಡಿನ ಈಗ್ಲೂ ಪ್ರೀತಿಯಿಂದ ಇಟ್ಕೊಂಡಿರೋರು ಪಾಯಿಂಟ್ಸ್ (ಪ್ಲಗ್ಗಿಗೆ ಕಿಡಿ ಕೊಡೋಕೆ ಕರೆಂಟು ಬಿಟ್ಟು ಹಿಡಿಯೋ ಸಣ್ಣ ಸ್ವಿಚ್) ಇರೋ ಕವರಿನ ಒಳಗೂ ಒಂದ್ಸಲ ನೋಡಿ, ತೇವ ಇದ್ರೆ ಒಣ ಬಟ್ಟೇಲಿ ಒರೆಸಿ, ಗ್ಯಾಸ್ಕೆಟ್ ಹೋಗಿದ್ರೆ ಹೊಸದು ಹಾಕಿ.

ಬ್ಯಾಟರಿ ಟರ್ಮಿನಲ್ಲಿ ಬಿಳಿ, ಹಸಿರು ಪುಡಿ ಕೂತಿದ್ರೆ ಮೊದ್ಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ಈ ಆರ್ಡರ್ ಮರೀಬೇಡಿ, ಪ್ಲಸ್ ಮೊದ್ಲು ಬಿಚ್ಚೋಕೆ ಹೋಗಿ ಸ್ಪ್ಯಾನರ್ ಚಾಸಿಗೆ ತಾಗಿದ್ರೆ ದೊಡ್ಡ ಕಿಡಿ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಟೂತ್ ಬ್ರಷಲ್ಲಿ ಉಜ್ಜಿ, ಒಣಗಿಸಿ, ಈ ಸಲ ಪ್ಲಸ್ ಮೊದ್ಲು ಹಾಕಿ ಆಮೇಲೆ ಮೈನಸ್, ಬಿಗಿ ಮಾಡಿದ್ಮೇಲೆ ವ್ಯಾಸಲೀನ್ ಸವರಿ. ರಾತ್ರಿ ನಿಂತ ಗಾಡೀಲಿ ಬೆಳಗ್ಗೆ ಮಲ್ಟಿಮೀಟರ್ ಇಟ್ರೆ 12.6 ವೋಲ್ಟ್ ಹತ್ರ ಬಂದ್ರೆ ಬ್ಯಾಟರಿ ತುಂಬಿದೆ, 12.2 ಅಂದ್ರೆ ಅರ್ಧ, 12ಕ್ಕಿಂತ ಕೆಳಗೆ ಅಂದ್ರೆ ಚಾರ್ಜಿಗೆ ಹಾಕಿ. ಸ್ಟಾರ್ಟ್ ಮಾಡಿ ಸ್ವಲ್ಪ ರೇಸ್ ಕೊಟ್ಟಾಗ 13.5ರಿಂದ 14.5 ತೋರಿಸ್ಬೇಕು. ಇಲ್ಲಾಂದ್ರೆ ಹೊಸ ಬ್ಯಾಟರಿ ತಂದು ಹಾಕಿದ್ರೂ ವಾರದಲ್ಲಿ ಮಲಗತ್ತೆ, ತೊಂದ್ರೆ ಇರೋದು ಇಂಜಿನ್ನಲ್ಲಿ ಕರೆಂಟು ಹುಟ್ಟಿಸೋ ಸ್ಟೇಟರ್ ಅಥವಾ ಅದನ್ನ ಹದ ಮಾಡಿ ಬ್ಯಾಟರಿಗೆ ಕೊಡೋ ರೆಗ್ಯುಲೇಟರ್ ಕಡೆ, ಇಲ್ಲಾಂದ್ರೆ ಮಧ್ಯದ ವಯರ್ ಜೋಡಿಸೋ ಕಪ್ಲರ್ ಸುಟ್ಟಿದೆ. ಎಷ್ಟೋ ಜನ ಈ ಒಂದು ಚೆಕ್ ಮಾಡದೆ ಎರಡೆರಡು ಬ್ಯಾಟರಿ ತಂದಿದಾರೆ, ಬೇಜಾರಾಗತ್ತೆ.

ಚೈನ್

ಮಳೆಗಾಲದಲ್ಲಿ 300 ಕಿಲೋಮೀಟರಿಗೊಂದ್ಸಲ ಚೈನಿಗೆ ಎಣ್ಣೆ (ಆ 90 ನಂಬರ್ ಗೇರ್ ಆಯಿಲ್) ಬೇಕು, ಜಡಿಮಳೇಲಿ ಆಗುಂಬೆಗೋ ಕೊಡಚಾದ್ರಿ ಕಡೆಗೋ ಹೋಗಿ ಬಂದ್ರೆ ಆವತ್ತೇ ಬೇಕು. ಮೊದ್ಲು ಒಂದು ಮಾತು, ಇದನ್ನ ದಯವಿಟ್ಟು ಕೇಳಿ: ಇಂಜಿನ್ ಆನ್ ಇಟ್ಕೊಂಡು, ಗೇರಿಗೆ ಹಾಕಿ, ಓಡ್ತಿರೋ ಚೈನಿಗೆ ಬಟ್ಟೆ ಹಿಡೀಬೇಡಿ. ಬಟ್ಟೆ ಸಿಕ್ಕಿಹಾಕ್ಕೊಂಡ ಕ್ಷಣದಲ್ಲೇ ಬೆರಳೂ ಚೈನಿಗೂ ಸ್ಪ್ರಾಕೆಟ್ಟಿಗೂ ಮಧ್ಯ ಹೋಗತ್ತೆ, ಬೆರಳು ಉಳಿಯಲ್ಲ. ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್, ಕೀ ಜೇಬಲ್ಲಿ, ಗಾಲೀನ ಕೈಯಲ್ಲಿ ತಿರುಗಿಸಿ.

ಸೀಮೆಎಣ್ಣೆ, ಟೂತ್ ಬ್ರಷಲ್ಲಿ ಕೆಂಪು ಮಣ್ಣು ಪೂರ್ತಿ ಬಿಡೋ ತನಕ ಉಜ್ಜಿ, ಬಟ್ಟೇಲಿ ಒರೆಸಿ, ಒಣಗೋಕೆ ಬಿಡಿ. ಓ-ರಿಂಗ್ ಇರೋ ಚೈನಾದ್ರೆ ಪೆಟ್ರೋಲ್ ಹಾಕ್ಬೇಡಿ, ರಬ್ಬರ್ ಹಾಳಾಗತ್ತೆ, ಕಬ್ಬಿಣದ ಬ್ರಷ್ಷೂ ಬೇಡ. ಎಣ್ಣೆ ಬಿಡೋದು ಕೆಳಗಿನ ಸಾಲಿನ ಒಳಮಗ್ಗುಲಿಗೆ, ಗಾಲಿ ತಿರುಗಿಸ್ತಾ ತೊಟ್ಟು ತೊಟ್ಟು, ತಿರುಗುವಾಗ ಎಣ್ಣೆ ತಾನಾಗೇ ಹೊರಗೆ ಹರಡತ್ತೆ. ಸಂಜೆ ಬಂದು ಚೈನ್ ಬೆಚ್ಚಗಿರುವಾಗ ಹಾಕಿ ರಾತ್ರಿ ಹಂಗೇ ಬಿಡಿ, ಬೆಳಗ್ಗೆ ಜಾಸ್ತಿ ಆಗಿದ್ದನ್ನ ಒರೆಸಿ. ಸುಟ್ಟ ಇಂಜಿನ್ ಆಯಿಲ್ ಹಾಕೋ ಅಭ್ಯಾಸ ನಮ್ಮಲ್ಲಿ ಬಹಳ ಇದೆ, ಅದ್ರಲ್ಲಿ ಲೋಹದ ಪುಡಿ ಇರತ್ತೆ, ಬೇಡ. ಸ್ಪ್ಲೆಂಡರ್ ಥರ ಪೂರ್ತಿ ಮುಚ್ಚಿರೋ ಚೈನ್ ಕವರ್ ಇದ್ರೆ ಚೈನ್ ಜಾಸ್ತಿ ದಿನ ಬರತ್ತೆ, ಆದ್ರೆ ಒಳಗೆ ಕೆಸರು ಉಂಡೆ ಕಟ್ಟತ್ತೆ, ಮಳೆಗಾಲದ ಶುರುವಲ್ಲಿ ಒಂದ್ಸಲ, ಮಧ್ಯದಲ್ಲಿ ಒಂದ್ಸಲ ಕವರ್ ಪೂರ್ತಿ ಬಿಚ್ಚಿ ತೊಳೀಲೇಬೇಕು.

ಲೂಸ್ ಎಷ್ಟಿರ್ಬೇಕು ಅನ್ನೋದು ಗಾಡಿ ಮೇಲೆ ಹೋಗತ್ತೆ, ಸಾಮಾನ್ಯ ಗಾಡಿಗೆ ಕೆಳಸಾಲಿನ ಮಧ್ಯದಲ್ಲಿ ಮೇಲೆ ಕೆಳಗೆ ಒತ್ತಿದ್ರೆ ಒಟ್ಟು 25ರಿಂದ 30 ಮಿ.ಮೀ. ಆಡ್ಬೇಕು, ಸರಿಯಾದ ಲೆಕ್ಕ ಮ್ಯಾನ್ಯುವಲ್ಲಲ್ಲೋ ಸ್ವಿಂಗ್ ಆರ್ಮ್ (ಹಿಂದಿನ ಗಾಲಿ ಹಿಡಿದಿರೋ ತೋಳು) ಮೇಲಿನ ಸ್ಟಿಕ್ಕರಲ್ಲೋ ಇರತ್ತೆ. ಗಾಲಿ ತಿರುಗಿಸಿ ನಾಲ್ಕು ಕಡೆ ನೋಡಿ, ಅತಿ ಬಿಗಿ ಇರೋ ಜಾಗದಲ್ಲೇ ಅಳತೆ ತಗೊಳ್ಳಿ. ತುಂಬಾ ಬಿಗಿ ಮಾಡಿದ್ರೆ ಗುಂಡೀಲಿ ಇಳಿದಾಗ ಗೇರ್‌ಬಾಕ್ಸ್ ಬೇರಿಂಗಿಗೆ ಏಟು. ಎರಡೂ ಕಡೆ ಗೆರೆ ಸಮ ಇಟ್ಟು ಆಕ್ಸಲ್ ನಟ್ ಬಿಗಿ ಮಾಡಿ, ಸ್ಪ್ಲಿಟ್ ಪಿನ್ ಹೊಸದು ಹಾಕಿ. ಚೈನ್ ಲಾಕ್ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡೋ ದಿಕ್ಕಿಗೇ ಇರ್ಬೇಕು. ಹಿಂದಿನ ಸ್ಪ್ರಾಕೆಟ್ಟಿನ ಹಿಂಬದೀಲಿ ಚೈನನ್ನ ಬೆರಳಲ್ಲಿ ಎಳೆದಾಗ ಅರ್ಧ ಹಲ್ಲು ಕಾಣೋಷ್ಟು ಮೇಲೆ ಬಂದ್ರೆ ಅದರ ಆಯಸ್ಸು ಮುಗೀತು, ಚೈನು, ಎರಡೂ ಸ್ಪ್ರಾಕೆಟ್ಟು ಸೆಟ್ಟಾಗೇ ಬದಲಾಯ್ಸಿ.

ತೋಟದೋರಿಗೆ ಇನ್ನೊಂದು ವಿಷಯ. ಅಡಿಕೆ ಕೊಳೆ ರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯೋ ಟೈಮಲ್ಲಿ ಮೈಲುತುತ್ತನ ಬೈಕಲ್ಲೇ ತರ್ತೀವಿ. ಅದು ಕಬ್ಬಿಣಾನ ತಿನ್ನತ್ತೆ, ಅದಕ್ಕೇ ತಾನೇ ಪ್ಲಾಸ್ಟಿಕ್ ಡ್ರಮ್ಮಲ್ಲಿ ಕಲಸೋದು. ಚೀಲದಿಂದ ಸೋರಿ ಚೈನು, ಸ್ಪೋಕ್ಸ್ ಮೇಲೆ ಬಿದ್ದು ಮಳೆ ನೀರು ಸೇರಿದ್ರೆ ಒಂದೇ ವಾರದಲ್ಲಿ ತುಕ್ಕು. ದಪ್ಪ ಪ್ಲಾಸ್ಟಿಕ್ಕಲ್ಲಿ ಎರಡು ಸುತ್ತು ಕಟ್ಟಿ, ಮನೆಗೆ ಬಂದ ಕೂಡ್ಲೇ ಹಿಂದಿನ ಭಾಗ ಪೂರ್ತಿ ನೀರಲ್ಲಿ ತೊಳೀರಿ, ಚೈನಿಗೆ ಎಣ್ಣೆ ಹಾಕಿ.

ಬ್ರೇಕು, ಟಯರು: ಘಾಟಿ ಇಳಿಯೋಕೆ ಮುಂಚೆ

ಆಗುಂಬೆ ಘಾಟೀಲಿ 14 ಹೇರ್‌ಪಿನ್ ತಿರುವಿದೆ. ಸೋಮೇಶ್ವರದ ತನಕ ಬ್ರೇಕ್ ಮೇಲೇ ಕಾಲಿಟ್ಕೊಂಡು ಇಳಿದ್ರೆ ಡ್ರಮ್ ಬಿಸಿಯಾಗಿ ಹಿಡಿತ ಕಮ್ಮಿ ಆಗತ್ತೆ, ಡಿಸ್ಕಾದ್ರೆ ಆಯಿಲ್ ಕುದ್ದು ಲಿವರ್ ಮೆತ್ತಗಾಗತ್ತೆ. ಬ್ರೇಕ್ ಆಯಿಲ್ ಗಾಳೀಲಿರೋ ತೇವಾನ ಹೀರ್ಕೊಳ್ಳತ್ತೆ, ಎಷ್ಟು ಹೀರ್ಕೊಂಡಿರತ್ತೋ ಅಷ್ಟು ಬೇಗ ಕುದಿಯತ್ತೆ, ನಮ್ಮ ಕಡೆ ಗಾಳೀಲಿ ತೇವಕ್ಕೆ ಬರ ಇಲ್ವಲ್ಲ, ಹಾಗಾಗಿ ಎರಡು ವರ್ಷಕ್ಕೊಂದ್ಸಲ ಬದಲಾಯಿಸೋದನ್ನ ಮುಂದೆ ಹಾಕ್ಬೇಡಿ. ಡಾಟ್ 4 (ಬ್ರೇಕ್ ಆಯಿಲ್ ದರ್ಜೆ) ಅಂತ ಮುಚ್ಚಳದ ಮೇಲೆ ಬರೆದಿದ್ರೆ ಅದನ್ನೇ ಹಾಕಿ, ಸೀಲ್ ಒಡೆದು ವರ್ಷಗಟ್ಟಲೆ ಇಟ್ಟ ಡಬ್ಬೀದು ಬೇಡ, ಪೇಂಟ್ ಮೇಲೆ ಬಿದ್ರೆ ತಕ್ಷಣ ನೀರಲ್ಲಿ ತೊಳೀರಿ. ಪ್ಯಾಡ್ ದಪ್ಪ 2 ಮಿ.ಮೀ. ಹತ್ರ ಬಂದ್ರೆ ಮಳೆಗಾಲ ದಾಟಿಸೋ ಆಸೆ ಬೇಡ, ಕೆಂಪು ಮಣ್ಣು ಉಪ್ಪುಕಾಗದ ಥರ ಉಜ್ಜಿ ಮುಗಿಸತ್ತೆ. ಪ್ಯಾಡ್ ಹಿಡಿದಿರೋ ಕ್ಯಾಲಿಪರಿನ ಜಾರೋ ಪಿನ್ನು ತೆಗೆದು ಒರೆಸಿ ಸಿಲಿಕಾನ್ ಗ್ರೀಸ್ ಹಚ್ಚಿ. ಬೆಳಗ್ಗೆ ಡಿಸ್ಕ್ ಮೇಲೆ ಕೆಂಪಗೆ ತುಕ್ಕಿನ ಪೊರೆ ಕಂಡ್ರೆ ಗಾಬರಿ ಆಗ್ಬೇಡಿ, ಎರಡು ಸಲ ಬ್ರೇಕ್ ಹಿಡಿದ್ರೆ ಹೋಗತ್ತೆ.

ಡ್ರಮ್ ಬ್ರೇಕಿಂದು ಬೇರೆ ಸಮಸ್ಯೆ, ಹಳ್ಳ ದಾಟಿದ್ರೆ ನೀರು ಒಳಗೆ ನಿಲ್ಲತ್ತೆ, ಮುಂದಿನ ತಿರುವಲ್ಲಿ ಬ್ರೇಕ್ ಒತ್ತಿದ್ರೆ ಗಾಡಿ ನಿಲ್ಲಲ್ಲ. ನೀರು ದಾಟಿದ ತಕ್ಷಣ ನಿಧಾನಕ್ಕೆ ಹೋಗ್ತಾ ಬ್ರೇಕನ್ನ ಹಗುರವಾಗಿ ಒತ್ತಿ ಹಿಡೀರಿ, ಬಿಸಿಗೆ ನೀರು ಆರಿ ಹಿಡಿತ ವಾಪಸ್ ಬರತ್ತೆ, ಬಂದ್ಮೇಲೇ ಸ್ಪೀಡ್ ಹೋಗಿ. ಡ್ರಮ್ ಪ್ಲೇಟ್ ಮೇಲೆ ಬಾಣದ ಗುರುತಿರತ್ತೆ, ಬ್ರೇಕ್ ಪೂರ್ತಿ ಒತ್ತಿದಾಗ ಬಾಣ ಕೊನೇ ಗೆರೆ ಮುಟ್ಟಿದ್ರೆ ಲೈನರ್ ಮುಗಿದಿದೆ.

ಇಳಿಯುವಾಗ ಎರಡನೇ ಗೇರು, ಹೇರ್‌ಪಿನ್ನಲ್ಲಿ ಬೇಕಾದ್ರೆ ಒಂದನೇದು. ಹತ್ತೋಕೆ ಯಾವ ಗೇರ್ ಬೇಕೋ ಇಳಿಯೋಕೂ ಅದೇ ಅಂತ ನಂಗೆ ಗಾಡಿ ಕಲಿಸಿದ ಚಿಕ್ಕಪ್ಪ ಹೇಳ್ತಿದ್ರು, ಇವತ್ತಿಗೂ ಹಂಗೇ ಮಾಡ್ತೀನಿ. ಪೆಟ್ರೋಲ್ ಉಳೀತು ಅಂತ ಇಂಜಿನ್ ಆಫ್ ಮಾಡಿ ಇಳಿಯೋದು, ಕ್ಲಚ್ ಹಿಡ್ಕೊಂಡು ಇಳಿಯೋದು, ಇದೆಲ್ಲ ಬೇಡ.

ಟಯರಿನ ಗುಂಡಿ (ನೀರು ಹೋಗೋ ಗಾಡಿ) ಆಳ 2 ಮಿ.ಮೀ.ಗಿಂತ ಕಮ್ಮಿ ಇದ್ರೆ ನಾನಂತೂ ಘಾಟಿಗೆ ತಗೊಂಡು ಹೋಗಲ್ಲ. ಪಕ್ಕದಲ್ಲಿ ನಾಲ್ಕು ಅಂಕಿ ಇರತ್ತೆ, 2321 ಅಂದ್ರೆ 2021ನೇ ಇಸವಿ 23ನೇ ವಾರದಲ್ಲಿ ತಯಾರಾಗಿದ್ದು, ಗುಂಡಿ ಚೆನ್ನಾಗಿದ್ರೂ ರಬ್ಬರ್ ಹಳೇದಾಗಿ ಗಟ್ಟಿಯಾಗಿದ್ರೆ ಒದ್ದೆ ರೋಡಲ್ಲಿ ಹಿಡಿಯಲ್ಲ. ಗಾಳಿ ಕಮ್ಮಿ ಮಾಡಿದ್ರೆ ಗ್ರಿಪ್ ಜಾಸ್ತಿ ಅಂತ ಟಾರ್ ರೋಡಲ್ಲಿ ಗಾಳಿ ಇಳಿಸೋರು ಇದಾರೆ, ಒದ್ದೇಲಿ ಅದು ಉಲ್ಟಾ, ಟಯರ್ ನೀರನ್ನ ಪಕ್ಕಕ್ಕೆ ತಳ್ಳೋಕೆ ಸರಿಯಾದ ಗಾಳಿ ಬೇಕು, ಸ್ಟಿಕ್ಕರಲ್ಲಿ ಬರೆದಷ್ಟೇ ಇಡಿ. ಮಂಡಗದ್ದೆಯಿಂದ ಮುಂದೆ ಮರದ ನೆರಳಿರೋ ಕಡೆ ರೋಡಿನ ಅಂಚಲ್ಲಿ ಹಾವಸೆ ಕಟ್ಟಿರತ್ತೆ, ಎದುರಿಗೆ ಬಸ್ ಬಂತು ಅಂತ ಅಂಚಿಗೆ ಇಳಿದು ಬ್ರೇಕ್ ಹಿಡಿದ್ರೆ ಯಾವ ಟಯರೂ ಉಳಿಸಲ್ಲ, ಬ್ರೇಕ್ ರೋಡ್ ಮೇಲೇ ಹಿಡಿದು ಆಮೇಲೆ ಇಳೀರಿ.

ದಾರೀಲಿ ನಿಂತ್ರೆ

ಘಾಟಿ ಮಧ್ಯ ನೆಟ್‌ವರ್ಕ್ ಸಿಗಲ್ಲ, ಮಳೆ ಬೇರೆ, ಕಾಲಿಗೆ ಇಂಬಳ (ಜಿಗಣೆ) ಹತ್ತುತಾ ಇರತ್ತೆ, ಆವಾಗ ತಲೆ ಓಡಲ್ಲ, ಅದಕ್ಕೇ ಕ್ರಮ ಬಾಯಿಪಾಠ ಇರ್ಲಿ. ಗಾಡೀನ ತಿರುವಿಂದ ದೂರ ತಳ್ಳಿ. ಮೊದ್ಲು ಹ್ಯಾಂಡಲ್ ಮೇಲಿನ ಕಿಲ್ ಸ್ವಿಚ್ (ಇಂಜಿನ್ ಆಫ್ ಮಾಡೋದು) ಕೈ ತಾಗಿ ಆಫ್ ಆಗಿದೆಯಾ ನೋಡಿ, ಆಮೇಲೆ ಪೆಟ್ರೋಲ್ ಕಾಕ್ ರಿಸರ್ವಿಗೆ ತಿರುಗಿಸಿ, ಸೈಡ್ ಸ್ಟ್ಯಾಂಡ್ ಪೂರ್ತಿ ಮೇಲಿದೆಯಾ ನೋಡಿ. ಸೈಡ್ ಸ್ಟ್ಯಾಂಡ್ ಸ್ವಿಚ್ಚಿಗೆ ಕೆಸರು ಕೂತು ಗಾಡಿ ಆಫ್ ಆಗೋದು ಹೊಸ ಗಾಡಿಗಳಲ್ಲಿ ತುಂಬಾ ಇದೆ, ನೀರು ಹಾಕಿ ತೊಳೆದು ನಾಲ್ಕು ಸಲ ಮೇಲೆ ಕೆಳಗೆ ಆಡಿಸಿ. ಗಾಡಿ ಜಾರಿ ಬಿದ್ದು ಆಫ್ ಆಗಿದ್ರೆ, ಇಂಜೆಕ್ಷನ್ ಗಾಡೀಲಿ (ಕಾರ್ಬರೇಟರ್ ಬದಲು ಪಂಪಿಂದ ಪೆಟ್ರೋಲ್ ಹೋಗೋದು) ಮಗುಚಿದಾಗ ಇಂಜಿನ್ ನಿಲ್ಲಿಸೋ ಸೆನ್ಸಾರ್ ಇರತ್ತೆ, ಕೀ ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡೋವರೆಗೂ ಅದು ಬಿಡಲ್ಲ.

ಆಮೇಲೆ ಲಕ್ಷಣ ನೋಡಿ. ನೀರು ಎರಚಿದ ತಕ್ಷಣ ಪಟ್ ಪಟ್ ಅಂತ ಮಿಸ್ಸಾಗಿ ನಿಂತ್ರೆ ಪ್ಲಗ್ ಕ್ಯಾಪ್, ತೆಗೆದು ಒಣ ಬಟ್ಟೇಲಿ ಒಳಗೂ ಹೊರಗೂ ಒರೆಸಿ ಹಾಕಿ. ಐದಾರು ಕಿಲೋಮೀಟರ್ ಚೆನ್ನಾಗಿ ಓಡಿ ಪೆಟ್ರೋಲ್ ಖಾಲಿ ಆದಂಗೆ ನಿಂತು, ಹತ್ತು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಆದ್ರೆ ಗಾಳಿ ತೂತು ಕಟ್ಟಿದೆ, ಮುಚ್ಚಳ ತೆಗೆದಾಗ ಸುಯ್ ಅಂತ ಗಾಳಿ ಎಳೆದ್ರೆ ಅದೇ. ಸೆಲ್ಫ್ ಒತ್ತಿದ್ರೆ ಟಕ್ ಟಕ್ ಅಂತ ಮಾತ್ರ ಅಂದ್ರೆ ಬ್ಯಾಟರಿ ಅಥವಾ ಲೂಸ್ ಟರ್ಮಿನಲ್, ಏನೂ ಸದ್ದಿಲ್ಲ, ಲೈಟೂ ಇಲ್ಲ ಅಂದ್ರೆ ಫ್ಯೂಸ್. ಸುಟ್ಟ ಫ್ಯೂಸಿನ ಜಾಗಕ್ಕೆ ಸಿಗರೇಟ್ ಪ್ಯಾಕಿನ ಹಾಳೆ ಸುತ್ತೋಕೆ ಹೋಗ್ಬೇಡಿ, ವಯರಿಂಗೇ ಸುಟ್ಟುಹೋಗತ್ತೆ. ಇಂಜೆಕ್ಷನ್ ಗಾಡೀಲಿ ಕೀ ಆನ್ ಮಾಡಿದಾಗ ಒಂದೆರಡು ಸೆಕೆಂಡ್ ಪಂಪ್ ಗುಂಯ್ ಅನ್ಬೇಕು, ಅನ್ಲಿಲ್ಲ ಅಂದ್ರೆ ಅಲ್ಲೇ ಹುಡುಕಿ. ಬ್ಯಾಟರಿ ಪೂರ್ತಿ ಸತ್ತಿದ್ರೆ ಇದನ್ನ ತಳ್ಳಿ ಸ್ಟಾರ್ಟ್ ಮಾಡೋದು ಕಷ್ಟ, ಪಂಪಿಗೇ ಕರೆಂಟ್ ಇರಲ್ಲ.

ಆಕ್ಸಿಲರೇಟರ್ ಕೊಟ್ರೆ ಎಳೆಯದೆ ಜಗ್ಗಾಡಿದ್ರೆ ಪೆಟ್ರೋಲಲ್ಲಿ ನೀರಿರೋ ಅನುಮಾನ ಇಟ್ಕೊಳ್ಳಿ. ಕಾರ್ಬರೇಟರ್ ಗಾಡಿ ಆದ್ರೆ ಬೌಲ್ ಕೆಳಗಿನ ಸ್ಕ್ರೂ ಲೂಸ್ ಮಾಡಿ ಪಾರದರ್ಶಕ ಬಾಟ್ಲಿಗೆ ಬಸೀರಿ, ಅಲುಗಾಡಿಸದೆ ಇಟ್ರೆ ನೀರು ತಳಕ್ಕೆ ಕೂರತ್ತೆ, ಮಧ್ಯ ಗೆರೆ ಕಾಣತ್ತೆ. ಬರೀ ಪೆಟ್ರೋಲ್ ಬರೋ ತನಕ ಬಸಿದು ಸ್ಕ್ರೂ ಬಿಗಿ ಮಾಡಿದ್ರೆ ಮನೆ ತನಕ ಬರ್ಬಹುದು. ಈಗ ಪೆಟ್ರೋಲಿಗೆ ಶೇ. 20ರಷ್ಟು ಎಥನಾಲ್ ಸೇರಿಸ್ತಾರೆ, ಎಥನಾಲ್ ನೀರನ್ನ ತನ್ನ ಜೊತೆ ಕಲಸ್ಕೊಳ್ಳತ್ತೆ, ನೀರು ಒಂದು ಮಟ್ಟ ದಾಟಿದ್ರೆ ಎರಡೂ ಸೇರಿ ಪೆಟ್ರೋಲಿಂದ ಬೇರೆಯಾಗಿ ತಳಕ್ಕೆ ಬರತ್ತೆ, ಇಂಜಿನ್ ಮೊದ್ಲು ಎಳ್ಕೊಳ್ಳೋದೇ ಆ ತಳದ್ದನ್ನ. ಹಾಗಾದ್ಮೇಲೆ ಮೇಲೆ ಹೊಸ ಪೆಟ್ರೋಲ್ ಹಾಕಿ ಅಡ್ಜಸ್ಟ್ ಮಾಡೋಕೆ ನೋಡ್ಬೇಡಿ, ಮನೆಗೆ ತಲುಪಿದ್ಮೇಲೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಒಣಗಿಸಿ, ಹೊಸದು ತುಂಬಿ. ಬಸಿದಿದ್ದನ್ನ ಬಾವಿ, ಕಾಲುವೆ ಹತ್ರ ಚೆಲ್ಲಬೇಡಿ.

ಹಳ್ಳದಲ್ಲಿ ಮುಳುಗಿ ಆಫ್ ಆದ್ರೆ

ಇಲ್ಲಿ ಮಾತ್ರ ಅವಸರ ಬೇಡ. ನೀರು ಏರ್ ಫಿಲ್ಟರ್ ದಾಟಿ ಸಿಲಿಂಡರಿಗೆ ಹೋಗಿದ್ರೆ, ನೀರನ್ನ ಒತ್ತಿ ಚಿಕ್ಕದು ಮಾಡೋಕಾಗಲ್ಲ, ಸೆಲ್ಫ್ ಒತ್ತಿದ್ರೆ ಪಿಸ್ಟನ್ ಮೇಲೆ ಬರೋಕಾಗದೆ ಕನೆಕ್ಟಿಂಗ್ ರಾಡ್ ಬಗ್ಗತ್ತೆ, ಸಾವಿರದಲ್ಲಿ ಮುಗಿಯೋದು ಹತ್ತಾರು ಸಾವಿರಕ್ಕೆ ಹೋಗತ್ತೆ. ಕೀ ಆಫ್. ದಡಕ್ಕೆ ತಳ್ಳಿ. ಫಿಲ್ಟರ್ ಡಬ್ಬಿ ಬೂಚು ತೆಗೆದು ನೋಡಿ, ನೀರು ಸುರಿದ್ರೆ ಫಿಲ್ಟರ್ ಹೊರಗೆ ತೆಗೀರಿ. ಪ್ಲಗ್ ಬಿಚ್ಚಿ, ಮುಖ ಪಕ್ಕಕ್ಕೆ ಇಟ್ಕೊಂಡು, ಕೀ ಆಫಲ್ಲೇ ಹತ್ತು ಹದಿನೈದು ಕಿಕ್ ಹೊಡೀರಿ, ಕಿಕ್ಕರ್ ಇಲ್ದಿದ್ರೆ ಡಬಲ್ ಸ್ಟ್ಯಾಂಡ್ ಹಾಕಿ ಟಾಪ್ ಗೇರಲ್ಲಿ ಹಿಂದಿನ ಗಾಲಿ ಕೈಯಲ್ಲಿ ತಿರುಗಿಸಿ, ಪ್ಲಗ್ ತೂತಿಂದ ನೀರು ಚಿಮ್ಮತ್ತೆ. ಪೂರ್ತಿ ನಿಂತ ಮೇಲೆ ಪ್ಲಗ್ ಒಣಗಿಸಿ ಹಾಕಿ. ಸ್ಟಾರ್ಟ್ ಮಾಡೋಕೆ ಮುಂಚೆ ಆಯಿಲ್ ಕಡ್ಡಿ ತೆಗೆದು ನೋಡ್ಲೇಬೇಕು, ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ರೆ ಒಳಗೆ ನೀರು ಸೇರಿದೆ, ಓಡಿಸ್ಬೇಡಿ, ಗೂಡ್ಸ್ ಆಟೋದಲ್ಲಿ ಹಾಕ್ಕೊಂಡು ಬನ್ನಿ, ಆಯಿಲ್ ಎರಡು ಸಲ ಬದಲಾಯಿಸ್ಬೇಕಾಗತ್ತೆ. ಮುಚ್ಚಳದ ಒಳಗೆ ಮಾತ್ರ ಸ್ವಲ್ಪ ಬೆಣ್ಣೆ ಥರ ಮೆತ್ಕೊಂಡಿದ್ದು ಕಡ್ಡೀಲಿ ಆಯಿಲ್ ಸರಿ ಇದ್ರೆ ಅದು ಸಣ್ಣ ಸಣ್ಣ ಓಡಾಟದ ತೇವ, ದೂರ ಓಡಿಸಿದ್ರೆ ಹೋಗತ್ತೆ. ಆಯಿಲ್ ಹಾಕುವಾಗ ಡಬ್ಬಿ ಮೇಲೆ ಜಾಸೋ ಎಂಎ ಅಥವಾ ಎಂಎ2 (ಬೈಕಿನ ಆಯಿಲ್ ಅನ್ನೋ ಗುರುತು) ಅಂತ ಇದೆಯಾ ನೋಡಿ, ಕಾರಿನ ಆಯಿಲ್ ಹಾಕಿದ್ರೆ ಕ್ಲಚ್ ಜಾರತ್ತೆ, ಮೊದ್ಲು ಗೊತ್ತಾಗೋದು ಘಾಟಿ ಹತ್ತುವಾಗ್ಲೇ.

ರಾತ್ರಿ ನಿಲ್ಲಿಸುವಾಗ ಒದ್ದೆ ಗಾಡಿಗೆ ಪ್ಲಾಸ್ಟಿಕ್ ಬಿಗಿಯಾಗಿ ಹೊದಿಸ್ಬೇಡಿ, ಒಳಗೆ ಬೆವರಿ ಬೆಳಗ್ಗೆ ಹೊತ್ತಿಗೆ ಲಾಕಿನ ತೂತಿಂದ ಹಿಡಿದು ಸ್ಪೋಕ್ಸ್ ತನಕ ಎಲ್ಲಾ ಕಡೆ ನೀರು ಕೂತಿರತ್ತೆ. ಸೂರಿನ ಕೆಳಗೆ, ಗಾಳಿಯಾಡೋ ಕಡೆ, ಡಬಲ್ ಸ್ಟ್ಯಾಂಡಲ್ಲಿ ನಿಲ್ಸಿ, ಸೂರಿನ ನೀರು ಸೀದಾ ಟ್ಯಾಂಕ್ ಮುಚ್ಚಳದ ಮೇಲೆ ಬೀಳದಂಗೆ ಒಂದಡಿ ಒಳಗೆ ತಳ್ಳಿ. ಹುಲ್ಲು, ಬತ್ತ ಇರೋ ಕೊಟ್ಟಿಗೇಲಿ ನಿಲ್ಸಿದ್ರೆ ಬೆಳಗ್ಗೆ ಸೀಟ್ ಎತ್ತಿ ವಯರ್ ಮೇಲೆ ಇಲಿ ಹಲ್ಲು ಬಿದ್ದಿದೆಯಾ ಅಂತ ಒಂದ್ಸಲ ಕಣ್ಣಾಡಿಸಿ ಆಮೇಲೆ ಕೀ ಹಾಕಿ.